ಮಾವಶಿ ಕೂಗಿದ ಪಲ್ಲವಿ

ಕೂಗುವ ಮೊದಲು ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಆಮೇಲೆ ಕತ್ತಿನ ನರಗಳು ದೋಣಿಯ ಹಗ್ಗದಂತೆ ಬಿಗಿದು, ಬೇಲೆಕೇರಿಯ ದಂಡೆಯಲ್ಲಿ ಬಲೆ ಎಳೆಯುವವರೂ ತಿರುಗಿ ನೋಡುವಂಥ ದನಿ ಹೊರಡುತ್ತಿತ್ತು. ನಮ್ಮ ಬ್ಯಾಂಡಿನ ಡ್ರಮ್ಮರನ ತಾಯಿಯ ತಂಗಿ ಆಕೆ, ನಮಗೆಲ್ಲ ಮಾವಶಿ. ಒಣಮೀನು ಮಾರಿ ಬದುಕುತ್ತಿದ್ದಳು.

ಆ ವರ್ಷಗಳಲ್ಲಿ ಅದಿರಿನ ಲಾರಿಗಳು ಮೇಲೆ ಟಾರ್ಪಾಲಿನ್ ಹೊದಿಸದೆ ಅವಳ ಮನೆಯೆದುರೇ ಓಡುತ್ತಿದ್ದವು. ಒಣಹಾಕಿದ ಬಂಗಡೆಯ ಮೇಲೆಲ್ಲ ಕೆಂಪು ಧೂಳು. ಅವಳು ಲಾರಿಯ ಹಿಂದೆ ಓಡಿ ಕೂಗುವಳು: "ತಾಡಪತ್ರಿ ಮುಚ್ಚ್ರೋ!"

ನಾವು ಕಾಲೇಜಿನ ನಾಲ್ವರು ಅವಳ ಮೀನಿನ ಶೆಡ್ಡಿನಲ್ಲೇ ಪಂಕ್ ರಾಕ್ ಅಭ್ಯಾಸ ಮಾಡುತ್ತಿದ್ದೆವು. ಹಾಡುವವಳು ನಾನು. ಯಾರದೋ ಸಿಟ್ಟನ್ನು ಎರವಲು ತಂದು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದೆ. ಒಂದು ದಿನ ಮಾವಶಿ ಬಾಗಿಲಲ್ಲಿ ನಿಂತು ಕೇಳಿದಳು:

"ಏ ತಂಗಿ, ಯಾರಿಗೆ ಬೈತೇ ನೀನು?"

"ಎಲ್ಲರಿಗೂ, ಮಾವಶಿ."

"ಬೈಸ್ಕೊಂಡವ್ರಿಗೆ ತಿಳೀಬೇಕಲ್ಲೇ! ನಮ್ ಮಾತಲ್ಲಿ ಬೈ."

ಅಂದೇ ಲಾರಿಯ ಹಾಡು ಹುಟ್ಟಿತು. ಪಲ್ಲವಿ ಅವಳದೇ ಕೂಗು. ಆಮೇಲೆ ಹಾಡುಗಳು ನಿಲ್ಲಲೇ ಇಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಆಲ್ಬಮ್ಮಿಗೆ ಸಾಲುವಷ್ಟಾದವು.

ಧ್ವನಿಮುದ್ರಣ ಕಾರವಾರದಲ್ಲಿ, ಭಜನೆಯ ಕ್ಯಾಸೆಟ್ ಮಾಡುವ ಸಣ್ಣ ಸ್ಟುಡಿಯೋದಲ್ಲಿ. ಆ ಪಲ್ಲವಿಯನ್ನು ನಾನು ಎಷ್ಟು ಕೂಗಿದರೂ ಸಪ್ಪೆ. ನಮಗೆ ಊಟ ತಂದಿದ್ದ ಮಾವಶಿಗೆ, "ನೀನೇ ಹಾಡು" ಎಂದೆ. ಡಬ್ಬಿ ಕೆಳಗಿಟ್ಟು ಒಂದು ಕೂಗು ಹಾಕಿದಳು ನೋಡಿ! ಸ್ಟುಡಿಯೋದವರು ಹೆಡ್‌ಫೋನ್ ಕಿತ್ತು, "ಅಕ್ಕಾ, ಹಿಂದೆ ಹೋಗಿ! ಇನ್ನೂ ಹಿಂದೆ!" ಎಂದರು. ಕಡೆಗೆ ಹೊರಗಿನ ಜಗಲಿಯಲ್ಲಿ ನಿಂತು ಹಾಡಿದಳು. ಅದನ್ನು ಮತ್ತೆ ಹಾಕಿ ಕೇಳಿದಾಗ ನಾವು ನಾಲ್ವರೂ ಕುಣಿದುಬಿಟ್ಟೆವು.

ಅಂಕೋಲೆಯ ಸಭಾಭವನದಲ್ಲಿ ಬಿಡುಗಡೆ. ಮೊದಲ ಹಾಡಿಗೇ ಹಿರಿಯರು ಕಿವಿ ಮುಚ್ಚಿಕೊಂಡು ಎದ್ದು ನಡೆದರು. ನಾನು ಲಾರಿಯ ಹಾಡು ಎತ್ತಿಕೊಂಡೆ. ಆಗ ಮಾವಶಿ ವೇದಿಕೆ ಹತ್ತಿದಳು. ಪಲ್ಲವಿ ಬಂದದ್ದೇ ತಡ, ಹಿಂದೆ ಕೂತಿದ್ದ ಮೀನು ಮಾರುವ ಹೆಂಗಸರೆಲ್ಲ ಎದ್ದು ನಿಂತು ಜೊತೆಗೆ ಕೂಗಿದರು. ಹೊರಗೆ ಹೋದವರೂ ಕಿಟಕಿಯಲ್ಲಿ ಇಣುಕಿದರು. ಇನ್ನೂ ಮಜಾ ಎಂದರೆ, ನಮ್ಮ ಸೀಡಿಯನ್ನು ಮುಗಿಬಿದ್ದು ಕೊಂಡವರು ಲಾರಿ ಡ್ರೈವರುಗಳು! ಅದೇ ಹಾಡನ್ನು ಜೋರಾಗಿ ಹಾಕಿಕೊಂಡು, ಅವಳ ಮನೆಯೆದುರು ಹಾರ್ನ್ ಹೊಡೆದು ಹೋಗುತ್ತಿದ್ದರು. ಕೆಲವರು ತಾಡಪತ್ರಿಯನ್ನೂ ಮುಚ್ಚತೊಡಗಿದರು.

ಕೆಲವು ವರ್ಷಗಳ ಮೇಲೆ ಅವಳು ಆಸ್ಪತ್ರೆ ಸೇರಿದಾಗ ದನಿಯೇ ಹೋಗಿತ್ತು. ನನ್ನನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳು: "ಮುಂದಿನ್ ಸೀಡೀಲಿ ಈ ಆಸ್ಪತ್ರೆಯವ್ರಿಗೂ ಒಂದ್ ಹಾಡ್ ಹಾಕು. ಗಂಜಿಗೆ ಉಪ್ಪೇ ಇಲ್ಲ!"

ಅದೇ ಮಳೆಗಾಲದಲ್ಲಿ ತೀರಿಕೊಂಡಳು. ಹಾಡು ಮಾಡಿದೆವು. ಉಪ್ಪಿಲ್ಲದ ಗಂಜಿಯನ್ನು ನಾನು ಬೈಯುವಾಗ ಜನ ಈಗಲೂ ಬಿದ್ದು ಬಿದ್ದು ನಗುತ್ತಾರೆ. ಒಂದು ಮಾತೂ ತಿಳಿಯದೆ ಹೋಗಬಾರದೆಂದು, ನಾನು ಬಿಡಿಸಿ ಬಿಡಿಸಿ ಹಾಡುತ್ತೇನೆ.