ಒಂದು ತೂತು, ಒಂದು ಕುಳಿ

ನಮ್ಮ ದೊಡ್ಡಮ್ಮ ತಾಮ್ರದ ಪಾತ್ರೆಗಳಿಗೆ ಹಿಡಿಕೆ ಕೂರಿಸುತ್ತಾರೆ. ತೀರಿಹೋದ ತಮ್ಮ ಮಾವನ ಕೆಲಸವನ್ನು ತಾವೇ ಕಲಿತರು. ಆದರೆ ಹಿಡಿಕೆ ನಿಲ್ಲಲು ಅವರು ಹೊಡೆದ ರಿವೆಟ್ಟು ಮೊಳೆ ತಿಂಗಳೊಳಗೆ ಸಡಿಲವಾಗುತ್ತಿತ್ತು. ಮಾವ ಹೊಡೆದದ್ದು ನಲವತ್ತು ವರ್ಷವಾದರೂ ಅಲುಗಿರಲಿಲ್ಲ.

ಮಾವನ ಪೆಟ್ಟಿಗೆಯಲ್ಲಿ ಬೆರಳುದ್ದದ ಉಕ್ಕಿನ ತುಂಡೊಂದಿತ್ತು. ಅದರ ತುದಿಯಲ್ಲಿ ಆಳವಾದ ತೂತು, ಪಕ್ಕದಲ್ಲೇ ಬಟ್ಟಲಿನಂಥ ಪುಟ್ಟ ಕುಳಿ. ಅದೇನೆಂದು ಯಾರಿಗೂ ಗೊತ್ತಿರಲಿಲ್ಲ.

“ಗುಜರಿಗೆ ಹಾಕ್ಬಿಡಿ ಅತ್ತಿಗೆ. ಅದಕ್ಕೆ ಹೆಸರೂ ಇಲ್ಲ, ಕೆಲಸಾನೂ ಇಲ್ಲ,” ಎಂದರು ಚಿಕ್ಕಪ್ಪ.

“ಕೆಲಸ ನಿಂಗೂ ಇಲ್ಲ, ನಿನ್ನ ಹಾಕಿದೀವಾ? ಇದೇನು ಅಂತ ತಿಳಿಯೋವರೆಗೂ ನಾನು ಏಳಲ್ಲ.”

ದೊಡ್ಡಮ್ಮ ಮಾವ ಮಾಡಿದ ಹಂಡೆಯನ್ನು ಎಳೆದುಕೊಂಡು, ಅದರ ರಿವೆಟ್ಟಿನ ತಲೆಯ ಮೇಲೆ ಕುಳಿಯನ್ನಿಟ್ಟರು. ಟೋಪಿಯಂತೆ ಕೂತಿತು. ಹಾಗಾದರೆ ತೂತು ಯಾಕೆ? ಹೊಸ ರಿವೆಟ್ಟನ್ನು ಪಾತ್ರೆ, ಹಿಡಿಕೆ ಎರಡರಲ್ಲೂ ತೂರಿಸಿ, ಅದರ ಹೊರಚಾಚಿದ ತುದಿಗೆ ತೂತನ್ನು ಹೊಂದಿಸಿ, ಉಕ್ಕಿನ ತುಂಡಿನ ಮೇಲೆ ಸುತ್ತಿಗೆಯಿಂದ ಹೊಡೆದರು. ಹಿಡಿಕೆ ಪಾತ್ರೆಗೆ ಒತ್ತಿಕೊಂಡು ನಡುವಿನ ಸಂದು ಮುಚ್ಚಿತು. ಇಷ್ಟು ದಿನ ಅವರು ಬಿಟ್ಟಿದ್ದು ಇದೊಂದನ್ನೇ. ಆಮೇಲೆ ತುದಿಯನ್ನು ಬಡಿದು, ಕುಳಿಯಿಂದ ದುಂಡಗೆ ಮಾಡಿದರು.

“ಎಳಿಯೋ ನೋಡೋಣ.”

ಚಿಕ್ಕಪ್ಪ ಎರಡೂ ಕೈಯಲ್ಲಿ ಎಳೆದರು. ಹಿಡಿಕೆ ಜಗ್ಗಲಿಲ್ಲ.

“ನಾನು ಕೂರಿಸಿದ್ದನ್ನೆಲ್ಲ ವಾಪಸ್ ತರಿಸ್ಬೇಕು,” ಎನ್ನುತ್ತ ದೊಡ್ಡಮ್ಮ ಮುಂದಿನ ಪಾತ್ರೆ ಎತ್ತಿಕೊಂಡರು.