ಭೀಮನ ನೆತ್ತಿಯ ಮೇಲೊಂದು ರಾಕೆಟ್

ಅಂಕಲಿಯ ರಾವಸಾಹೇಬರು ಪ್ರತಿ ದೀಪಾವಳಿಗೆ ಹಿತ್ತಲಲ್ಲಿ ಪಟಾಕಿ ಹಾರಿಸಲು ದಂಡಯಾತ್ರೆಯ ತಯಾರಿ ನಡೆಸುತ್ತಿದ್ದರು. ೧೯೮೭ರಲ್ಲಿ ಹೆಂಡತಿ ಕಸ್ತೂರೆವ್ವ ಕಡೆಯ ಎಚ್ಚರಿಕೆ ಕೊಟ್ಟರು: "ಬಾಜೂಮನಿ ನಜೀರಸಾಬರ ಬಣವಿಗೆ ಒಂದ ಕಿಡಿ ಬಿದ್ರ, ನಿಮ್ಮ ಪಟಾಕಿ ಇಲ್ಲಿಗೇ ಮುಗೀತ್ರಿ!"

ರಾವಸಾಹೇಬರು ಆ ಮೇವಿನ ಬಣವಿಗೆ ತೋಯ್ದ ಗೋಣಿಚೀಲ ಹೊದಿಸಿದರು. ಧೋತರದ ಚುಂಗು ಎತ್ತಿ ಗಾಳಿಯ ದಿಕ್ಕು ನೋಡಿದರು. ಆದರೂ ರಾಕೆಟ್ ಸಿಕ್ಕಿಸಿದ ಬಾಟಲಿ ಬಣವಿಯತ್ತಲೇ ವಾಲುತ್ತಿತ್ತು.

ಕಸ್ತೂರೆವ್ವ ಪಾಡ್ಯದ ಪೂಜೆಗೆ ಸಗಣಿಯಲ್ಲಿ ಮಾಡಿದ್ದ ಪಾಂಡವರು ಸಂಜೆಗೂ ಹಸಿಯಾಗಿದ್ದರು. ರಾವಸಾಹೇಬರು ದಪ್ಪನೆಯ ಭೀಮನನ್ನು ಎತ್ತಿ ತಂದು, ನೆತ್ತಿಯಲ್ಲಿ ಬಾಟಲಿ ಹುಗಿದರು. ಬಾಟಲಿ ಅಲುಗಲಿಲ್ಲ, ರಾಕೆಟ್ ನೆಟ್ಟಗೆ ಮೇಲೇರಿತು.

"ದೇವರ ತಲಿಯಾಗ ಬಾಟ್ಲಿ ಇಡ್ತೀರಿ, ನಾಚಿಕಿ ಇಲ್ಲೇನ್ರಿ?" ಕಸ್ತೂರೆವ್ವ ಗುಡುಗಿದರು.

"ಬೈಬ್ಯಾಡ್ರಿ ವೈನಿ, ನನ್ನ ಬಣವಿ ಉಳೀತು," ಎಂದರು ಗೋಡೆಯಾಚೆಯ ನಜೀರಸಾಬರು.

ಮರುವರ್ಷ ಕಸ್ತೂರೆವ್ವ ಆರು ಪಾಂಡವರನ್ನು ಮಾಡಿದರು. ಆರನೆಯವನನ್ನು ಪೂಜೆಗೆ ಕೂರಿಸದೆ ನೇರ ಹಿತ್ತಲಿಗೆ ಕಳಿಸಿದರು.