ಬಾಗಿಲ ಮುಂದಿನ ಪಾಯಿಂಟ್

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಬೇಸಿಗೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಬೋರುಗಳಿಗೆ ಜಾಗ ಗುರುತಿಸುವ ಭೂವಿಜ್ಞಾನಿಯಾಗಿದ್ದೆ; ಊರವರ ಬಾಯಲ್ಲಿ ‘ಬಾಯಾರ’, ಅಂದರೆ ಮೇಡಂ. ಜನ ಈ ಕೆಲಸವನ್ನು ‘ಪಾಯಿಂಟ್ ಹಾಕೋದು’ ಎನ್ನುತ್ತಾರೆ. ಈ ಇಂಗ್ಲಿಷ್ ಪದವನ್ನು ನಮ್ಮವರು ದುಡಿಸಿಕೊಂಡಷ್ಟು ಇಂಗ್ಲಿಷಿನವರೂ ದುಡಿಸಿಕೊಂಡಿರಲಾರರು. ಶಿಗ್ಗಾಂವಿಯ ವೈರಿಂಗಿನವನು ಬಲ್ಬು, ಫ್ಯಾನುಗಳನ್ನು ಪಾಯಿಂಟಿನಲ್ಲಿ ಎಣಿಸುತ್ತಾನೆ. ಡೈರಿಯಲ್ಲಿ ಹಾಲಿನ ಕೊಬ್ಬು ಪಾಯಿಂಟು, ಕಬಡ್ಡಿಯಲ್ಲಿ ಮುಟ್ಟಿ ಬಂದರೆ ಪಾಯಿಂಟು, ಬಂದೋಬಸ್ತಿನ ಪೊಲೀಸು ಬಿಸಿಲಲ್ಲಿ ನಿಂತ ಜಾಗವೂ ಪಾಯಿಂಟು. ಸವಣೂರಿನ ವಕೀಲರೊಬ್ಬರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿ, ‘ಈಗ ಪಾಯಿಂಟಿಗೆ ಬರ್ತೇನಿ’ ಎನ್ನುವಷ್ಟರಲ್ಲಿ ನಾನು ಇಳಿಯುವ ಊರು ಬಂದಿತ್ತು.

ನನ್ನ ಪಾಯಿಂಟು ಮಾತ್ರ ತಪ್ಪಿದರೆ ಜನ ನೀರಿಲ್ಲದೆ ಕೂರಬೇಕು.

ಅಬಲೂರಿನ ಆಚೆ ಒಂದು ಹಳ್ಳಿ. ಅದರ ಕೊನೆಯ ಓಣಿಗೆ ಒಂದೇ ಬೋರು ಮಂಜೂರಾಗಿತ್ತು. ಅದರಲ್ಲಿ ನೀರು ಬೀಳದಿದ್ದರೆ ಆ ವರ್ಷಕ್ಕೆ ಇನ್ನೊಂದಿಲ್ಲ. ಓಣಿಯವರು ರಸ್ತೆ ದಾಟಿ ಯಾರದೋ ಹೊಲದ ಮೋಟಾರಿನಿಂದ ನೀರು ಹೊರುತ್ತಿದ್ದರು. ಆ ಓಣಿಯ ಫಕ್ಕೀರವ್ವನ ಸೊಸೆ ತುಂಬಿದ ಬಸುರಿ, ಅವಳೂ ಹೊರುತ್ತಿದ್ದಳು. ಅತ್ತೆಯ ಮೊಣಕಾಲು ಕೈಕೊಟ್ಟು ವರ್ಷವಾಗಿತ್ತು.

ರೆಸಿಸ್ಟಿವಿಟಿ ಮೀಟರ್ ಎಂಬ ಯಂತ್ರವಿದೆ. ನೆಲಕ್ಕೆ ಗೂಟ ಹೊಡೆದು ಕರೆಂಟು ಹಾಯಿಸಿದರೆ ಒಳಗಿನ ಬಂಡೆ ನೀರು ನಿಲ್ಲುವಂತೆ ಎಲ್ಲಿ ಬಿರಿದಿದೆ ಎಂಬ ಅಂದಾಜು ಸಿಗುತ್ತದೆ. ಆ ಓಣಿಯಲ್ಲಿ ಅದು ತೋರಿಸಿದ ಜಾಗ ಫಕ್ಕೀರವ್ವನ ಬಾಗಿಲ ಮುಂದೆಯೇ ಬಂತು. ಗುರುತಿಗೆ ಕಲ್ಲಿಟ್ಟೆ. ಓಣಿಯ ಹೆಂಗಸರು ಅದಕ್ಕೆ ಭಂಡಾರದ ಅರಿಸಿನ, ಕುಂಕುಮ ಹಚ್ಚಿ ಕೈಮುಗಿದರು.

ಕೆಲವು ದಿನಗಳ ಮೇಲೆ ಬೋರಿನ ಲಾರಿ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಅದು ಓಣಿಯ ದೇವರಿದ್ದ ಬೇವಿನ ಗಿಡದ ಕಟ್ಟೆಯ ಪಕ್ಕ ನಿಂತು, ಪೂಜೆಯಾಗಿ, ಕಾಯಿಯೂ ಒಡೆದಿತ್ತು. ನನ್ನ ಕಲ್ಲು ದೇವರ ಪಕ್ಕ ಕಟ್ಟೆಯ ಮೇಲೆ ಕುಳಿತಿತ್ತು.

“ಪಾಯಿಂಟ್ ಇದಲ್ಲ,” ಎಂದೆ.

ಓಣಿಯ ಹಿರಿಯ ನನ್ನನ್ನು ಕನಿಕರದಿಂದ ನೋಡಿದ. “ಕಲ್ಲ ತಾನ ಕಟ್ಟಿ ಮ್ಯಾಲ ಹೋಗೈತ್ರೀ ಬಾಯಾರ. ನೀವು ಹಾಕಿದ್ದ ಪಾಯಿಂಟ್ ದೇವರ ಬದಲ್ ಮಾಡ್ಯಾನ.”

ಲಾರಿಯ ಏಜೆಂಟ ಬಂಕಾಪುರದ ರಫೀಕ್. “ಪೂಜಿ ಆದ ಮ್ಯಾಲ ಗಾಡಿ ಎತ್ತಿದ್ರ ಬರಕತ್ ಇರಂಗಿಲ್ರೀ, ಒಳ್ಳೇದಾಗಂಗಿಲ್ರೀ ಮೇಡಂ,” ಎಂದ.

ದೇವರ ಎದುರು ಯಂತ್ರದ ಮಾತು ಎಲ್ಲಿ ನಡೆಯಬೇಕು? ನನಗೆ ಸಿಟ್ಟು ಬಂತು. ಸಿಟ್ಟಿನಿಂದ ಒಬ್ಬರೂ ಕದಲಲಿಲ್ಲ. ಆಗ ಹಿಂದಿನಿಂದ ಫಕ್ಕೀರವ್ವ ಕುಂಟುತ್ತ ಬಂದಳು.

“ದೇವರ ಇಟ್ಟದ್ದಲ್ಲ, ನಾ ಇಟ್ಟದ್ದು. ಬಸರ ಹೆಣ್ಮಗಳು ಪೂಜಿ ಕಲ್ಲ ದಾಟಬಾರದಂತ ನಾನ ತಂದು ಕಟ್ಟಿ ಮ್ಯಾಲ ಇಟ್ಟೆ. ಯಾರಿಗೂ ಹೇಳಲಿಲ್ಲ.”

ಹಿರಿಯ ಅವಳತ್ತ ತಿರುಗಿದ: “ಹಂಗಾರ ನಿನ್ನ ಬಾಗಲ ಮುಂದ ಹೊಡೀಲಿ. ನೀರ ಬೀಳಲಿಲ್ಲಂದ್ರ ಓಣಿಗೆ ನೀನ ಉತ್ತರ ಕೊಡಬೇಕು.”

ಲಾರಿ ಹಿಂದೆ ಸರಿಯಿತು. ರಫೀಕ್ ಇನ್ನೊಂದು ಕಾಯಿ ಒಡೆಸಿದ. ಬೋರು ಇಳಿದಂತೆ ಬೂದಿಬಣ್ಣದ ಧೂಳು ಎದ್ದು ಫಕ್ಕೀರವ್ವನ ಮನೆ ಮುಚ್ಚಿತು. ಇನ್ನೂರು ಅಡಿ ದಾಟಿದರೂ ಒಣಧೂಳೇ. ಹೆಂಗಸರು ಅವಳಿಗೆ ಕೇಳಿಸುವಂತೆಯೇ ಗೊಣಗತೊಡಗಿದರು. ಅವಳು ಹೊಸ್ತಿಲ ಮೇಲೆ ಕುಳಿತು ನನ್ನ ಮುಖ ನೋಡುತ್ತಿದ್ದಳು, ನನಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಯಂತ್ರ ಹೇಳುವುದು ಅಂದಾಜು, ಭರವಸೆಯಲ್ಲ ಎಂದು ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳಲಿ?

ಆಮೇಲೆ ಧೂಳು ಹಸಿಯಾಯಿತು, ಉಂಡೆಗಟ್ಟಿತು. ಸ್ವಲ್ಪ ಹೊತ್ತಿಗೆ ಕೆಸರುನೀರು ಮೇಲೆ ಚಿಮ್ಮಿ ನಮ್ಮೆಲ್ಲರನ್ನೂ ತೋಯಿಸಿತು. ಗೊಣಗುತ್ತಿದ್ದವರೇ ಮೊದಲು ಕೂಗಿದರು. ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಪಾಯಿಂಟ್ ತಪ್ಪಿದ್ದರೆ ನನ್ನ ವರದಿಯಲ್ಲಿ ‘ವಿಫಲ’ ಎಂಬ ಒಂದು ಪದ ಬೀಳುತ್ತಿತ್ತು, ಅಷ್ಟೇ. ನಾವು ಕಲ್ಲಿಟ್ಟು ಜೀಪು ಹತ್ತುತ್ತೇವೆ, ಅದರ ಹೊಣೆ ಹೊತ್ತು ಅಲ್ಲೇ ಬದುಕುವವರು ಬೇರೆ ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಆ ದಿನ. ಹೊರಡುವ ಮುಂಚೆ ಫಕ್ಕೀರವ್ವನನ್ನು ಕೇಳಿದೆ, ಸುಮ್ಮನಿದ್ದಿದ್ದರೆ ತಪ್ಪು ನಿನ್ನ ಮೇಲೆ ಬರುತ್ತಲೇ ಇರಲಿಲ್ಲ, ಯಾಕೆ ಬಾಯಿಬಿಟ್ಟೆ ಎಂದು.

“ನೀರ ಬೀಳದಿದ್ರ ಬೈತಿದ್ರು, ಬೈಸ್ಕೊಂತಿದ್ದೆ,” ಎಂದಳು, ಮುಖದ ಕೆಸರು ಒರೆಸಿಕೊಳ್ಳುತ್ತ. “ಬೈಗಳ ನಾ ಹೊರತೇನ್ರೀ ಬಾಯಾರ. ಕೊಡ ಸೊಸಿ ಹೊರಬೇಕಲ್ರೀ.”